ಬಾಲಾನಗರದ ಸೂರಕ್ಕಿ ಮತ್ತು ಅದರ ದಾಯಾದಿಗಳು

"ನಮ್ಮ ಬಾಲ್ಕನಿಗೆ ಹಮ್ಮಿಂಗ್ ಬರ್ಡ್ ಬಂದಿದೆ ನೋಡಿ" ಅಂತ ವರ್ಷಕ್ಕೆ ಮೂರು ನಾಲ್ಕು ಜನವಾದರೂ ನನಗೆ ಫೋಟೋ ಕಳಿಸುತ್ತಾರೆ. ಕೂಕಟ್‌ಪಲ್ಲಿಯಿಂದ, ಬೋಯಿನಪಲ್ಲಿಯಿಂದ, ಒಮ್ಮೊಮ್ಮೆ ಬೆಂಗಳೂರಿನಿಂದ ಕೂಡ. ನಾನೇನೂ ಹಕ್ಕಿ ಪಂಡಿತನಲ್ಲ. ಇಪ್ಪತ್ತೆಂಟು ವರ್ಷದಿಂದ ಈ ಬಾಲಾನಗರದಲ್ಲಿ ಲೇತ್ ಮಷೀನಿನ ಸದ್ದಿನ ನಡುವೆ ಬದುಕಿದವನು. ಆದರೆ ಎಲ್ಲೋ ಒಂದೆರಡು ಸಲ ಹಕ್ಕಿಯ ಹೆಸರು ಹೇಳಿಬಿಟ್ಟೆ ನೋಡಿ, ಅಂದಿನಿಂದ ಈ ಪದವಿ ಅಂಟಿಕೊಂಡಿದೆ! ಆ ಫೋಟೋಗಳಿಗೆಲ್ಲ ನನ್ನ ಉತ್ತರ ಒಂದೇ: ಸ್ವಾಮಿ, ಹಮ್ಮಿಂಗ್ ಬರ್ಡ್ ನಮ್ಮ ದೇಶದಲ್ಲಿ ಇಲ್ಲ. ಇದು ಸೂರಕ್ಕಿ.

ಹಮ್ಮಿಂಗ್ ಬರ್ಡ್‌ನಲ್ಲಿ 360ಕ್ಕೂ ಹೆಚ್ಚು ಜಾತಿಗಳಿವೆ. ಅಷ್ಟೂ ಇರುವುದು ಅಮೆರಿಕ ಖಂಡಗಳಲ್ಲಿ ಮಾತ್ರ. ನಮ್ಮ ಸೂರಕ್ಕಿಯ ಕುಟುಂಬದಲ್ಲಿ 140ಕ್ಕೂ ಹೆಚ್ಚು ಜಾತಿಗಳಿದ್ದು ಅವು ಆಫ್ರಿಕ, ಏಷ್ಯಾಗಳಿಂದ ಆಸ್ಟ್ರೇಲಿಯಾದ ಉತ್ತರ ಅಂಚಿನವರೆಗೆ ಹರಡಿಕೊಂಡಿವೆ. ಎರಡೂ ಚಿಕ್ಕವು, ಎರಡೂ ಮಿರಮಿರ ಮಿಂಚುತ್ತವೆ, ಎರಡೂ ಹೂವಿನ ಮಕರಂದ ಕುಡಿಯುತ್ತವೆ, ಎರಡೂ ಮಹಾ ಜಗಳಗಂಟ. ಆದರೆ ನೆಂಟಸ್ತಿಕೆ ಏನೂ ಇಲ್ಲ. ಹಮ್ಮಿಂಗ್ ಬರ್ಡ್‌ಗೆ ಹತ್ತಿರದ ನೆಂಟರೆಂದರೆ ಹಳೆ ಕೋಟೆ, ಸೇತುವೆಗಳ ಕೆಳಗೆ ಗೂಡು ಕಟ್ಟಿ ಸಂಜೆ ಆಕಾಶದಲ್ಲಿ ಕಿರುಚಾಡುತ್ತ ಸುತ್ತುವ ಬಾನಾಡಿಗಳು. ಸೂರಕ್ಕಿ ಮಾತ್ರ ಗುಬ್ಬಿಯ ಕಡೆಯ ದೊಡ್ಡ ಗುಂಪಿಗೆ ಸೇರಿದ್ದು. ಒಂದೇ ಕಸುಬು ಹಿಡಿದ ಇಬ್ಬರು ಅಪರಿಚಿತರ ಕೈಯಲ್ಲಿ ಒಂದೇ ಥರ ಗಂಟು ಕಟ್ಟುತ್ತದಲ್ಲ, ಹಾಗೆ ಇವುಗಳ ಹೋಲಿಕೆ. ಹಮ್ಮಿಂಗ್ ಬರ್ಡ್ ಗಾಳಿಯಲ್ಲಿ ನಿಂತೇ ಊಟ ಮಾಡುತ್ತದೆ. ನಮ್ಮದು ಆಗೊಮ್ಮೆ ಈಗೊಮ್ಮೆ ರೆಕ್ಕೆ ಬಡಿದು ನಿಂತರೂ ಸಾಮಾನ್ಯವಾಗಿ ಟೊಂಗೆಯ ಮೇಲೆ ಕೂತು ಉಣ್ಣುವ ಹಕ್ಕಿ.

ಅಂದ ಹಾಗೆ ಒಂದು ತಮಾಷೆ. ಹಮ್ಮಿಂಗ್ ಬರ್ಡ್‌ಗಳ ತೀರ ಹಳೆಯ ಪಳೆಯುಳಿಕೆಗಳು ಸಿಕ್ಕಿದ್ದು ಅಮೆರಿಕದಲ್ಲಲ್ಲ, ಜರ್ಮನಿಯಲ್ಲಿ! ಗೆರಾಲ್ಡ್ ಮಾಯರ್ ಎಂಬ ವಿಜ್ಞಾನಿ 2004ರಲ್ಲಿ ಅದನ್ನು ಪ್ರಕಟಿಸಿದರು. ಸುಮಾರು ಮೂರು ಕೋಟಿ ವರ್ಷ ಹಳೆಯದು. ಅಂದರೆ ಯಾವ ಹಕ್ಕಿ ಯಾವ ಊರಿನದು ಎಂದು ನಾವು ಪಟ್ಟಾ ಬರೆದುಕೊಡುವುದರಲ್ಲಿ ಹೆಚ್ಚು ಅರ್ಥವಿಲ್ಲ. ಎಲ್ಲರೂ ಒಂದು ಕಾಲಕ್ಕೆ ಎಲ್ಲಿಂದಲೋ ಬಂದವರೇ.

ಬಾಲಾನಗರ ಎಂದರೆ ಗೊತ್ತಿಲ್ಲದವರಿಗೆ ಎರಡು ಮಾತು. ಹೈದರಾಬಾದಿನ ವಾಯವ್ಯಕ್ಕಿರುವ ಕೈಗಾರಿಕಾ ಪ್ರದೇಶ ಇದು. ಎಚ್‌ಎಎಲ್, ಟೂಲ್ ಡಿಸೈನ್ ಸಂಸ್ಥೆ, ಒಂದು ಕಾಲಕ್ಕೆ ದೇಶಕ್ಕೆಲ್ಲ ಮಾತ್ರೆ ಮಾಡಿಕೊಟ್ಟು ಎಷ್ಟೋ ವರ್ಷದ ಹಿಂದೆಯೇ ನಿಂತುಹೋದ ಐಡಿಪಿಎಲ್, ಅದರ ಸುತ್ತ ನೂರಾರು ಸಣ್ಣ ವರ್ಕ್‌ಶಾಪ್‌ಗಳು. 2021ರಲ್ಲಿ ಫ್ಲೈಓವರ್ ಬಂದ ಮೇಲೆ ಟ್ರಾಫಿಕ್ ಸ್ವಲ್ಪ ಸುಧಾರಿಸಿದೆ. ಇಲ್ಲಿ ಹಕ್ಕಿ ಎಲ್ಲಿಂದ ಬರಬೇಕು ಅನ್ನಬೇಡಿ. ಶೆಡ್ಡಿನ ಹಿಂದೆ ಒಂದು ನುಗ್ಗೆ ಮರ, ಕಾಂಪೌಂಡಿನಲ್ಲಿ ಒಂದು ದಾಸವಾಳ ಇದ್ದರೆ ಸೂರಕ್ಕಿಗೆ ಸಂಸಾರ ಹೂಡಲು ಸಾಕು. ಹತ್ತು ಗ್ರಾಂ ಕೂಡ ತೂಗದ ಜೀವಕ್ಕೆ ಎಷ್ಟು ಜಾಗ ಬೇಕು ಹೇಳಿ?

ಇಲ್ಲಿ ಕಾಣುವುದು ಮುಖ್ಯವಾಗಿ ಎರಡು ಬಗೆ. ಒಂದು ಕರಿಯದು. ಬೆದೆಗಾಲದಲ್ಲಿ ಗಂಡು ದೂರದಿಂದ ಮಸಿಯಂತೆ ಕಪ್ಪು, ಬಿಸಿಲು ಬಿದ್ದರೆ ನೀಲಿ, ನೇರಳೆ ಹೊಳಪು. ಆ ಕಾಲ ಮುಗಿದ ಮೇಲೆ ಅದೇ ಗಂಡು ವೇಷ ಕಳಚಿ ಹೆಣ್ಣಿನಂತೆ ಮಂಕಾಗುತ್ತದೆ, ಗಂಟಲಿಂದ ಹೊಟ್ಟೆವರೆಗೆ ಒಂದು ಕಪ್ಪು ಗೆರೆ ಮಾತ್ರ ಉಳಿಯುತ್ತದೆ. ಹೊಸಬರು ಅದನ್ನು ಬೇರೆ ಹಕ್ಕಿ ಅಂದುಕೊಳ್ಳುವುದು ಸಾಮಾನ್ಯ. ಇನ್ನೊಂದು ಹಳದಿ ಹೊಟ್ಟೆಯದು. ಅದರ ಗಂಡಿನ ತಲೆ ಹಸಿರು, ಎದೆಗೆ ಕಂದುಗೆಂಪು ಪಟ್ಟಿ, ಬೆನ್ನ ಕೆಳಗೆ ನೇರಳೆ ಮಚ್ಚೆ. ಪಡುವಣ ಘಟ್ಟದ ಕಡೆ ಹೋದರೆ ಕೆಂಪು ಬೆನ್ನಿನ ಇನ್ನೂ ಪುಟ್ಟದೊಂದು ಸಿಗುತ್ತದೆ. ಬೆಂಗಳೂರು, ಕರಾವಳಿಗಳಲ್ಲಿ ಉದ್ದ ಕೊಕ್ಕಿನ ಲೋಟೆನ್ ಸೂರಕ್ಕಿ ಇದೆ. ತೆಲುಗಿನವರು ಇವಕ್ಕೆಲ್ಲ ತೇನೆಪಿಟ್ಟ ಅನ್ನುತ್ತಾರೆ, ಉರ್ದು ಹಿಂದಿಯಲ್ಲಿ ಶಕರ್‌ಖೋರಾ. ಜೇನು ಹಕ್ಕಿ, ಸಕ್ಕರೆ ತಿನ್ನುವವ. ಎರಡೂ ಚೆಂದದ ಹೆಸರುಗಳೇ.

ಇನ್ನು ಇದರ ಜಗಳ. ನಮ್ಮ ಗಲ್ಲಿಯಲ್ಲಿ ನಿಲ್ಲಿಸಿದ ಬೈಕುಗಳ ಕನ್ನಡಿಗೆ ಫೆಬ್ರವರಿ ಬಂತೆಂದರೆ ಪ್ಲಾಸ್ಟಿಕ್ ಚೀಲ ಕಟ್ಟಿರುತ್ತಾರೆ. ಕನ್ನಡಿಯಲ್ಲಿ ಕಂಡ ತನ್ನ ಬಿಂಬವನ್ನೇ ಎದುರಾಳಿ ಅಂದುಕೊಂಡು ಗಂಡು ಹಕ್ಕಿ ಗಂಟೆಗಟ್ಟಲೆ ಕುಕ್ಕುತ್ತದೆ. ನಮ್ಮ ವಾಚ್‌ಮನ್ ಚಿಂಚೋಳಿ ಕಡೆಯವನು. ಒಂದು ದಿನ ಹೇಳಿದ: "ಅಣ್ಣಾ, ಇದಕ್ಕ ತಲಿ ಕೆಟ್ಟದ ನೋಡ್ರಿ. ಮುಂಜಾನಿಂದ ತನ್ನ ಕೂಡ ತಾನೇ ಬಡದಾಡ್ಲಕತ್ತದ." ನಾನಂದೆ, "ತನ್ನ ಹೊಲಕ್ಕ ಮತ್ತೊಬ್ಬ ಬಂದಾನ ಅಂತ ತಿಳದದಪಾ." ಅವನು ನಕ್ಕು, "ಹಂಗಾದ್ರ ನಮ್ಮ ಕಾಕಾಗೋಳ ಇದ್ದಂಗ ಅದ ಬಿಡ್ರಿ" ಅಂದ. ಅವರ ಮನೆಯ ಹೊಲದ ಕೇಸು ಕೋರ್ಟಿನಲ್ಲಿ ನಡೆಯುತ್ತಿರುವುದು ನನಗೆ ಗೊತ್ತಿತ್ತು!

ಈ ಹೊಲ ಕಾಯುವ ಬುದ್ಧಿಗೂ ಒಂದು ಲೆಕ್ಕವಿದೆ. ಫ್ರಾಂಕ್ ಗಿಲ್ ಮತ್ತು ಲ್ಯಾರಿ ವುಲ್ಫ್ ಎಂಬ ಇಬ್ಬರು ಕೀನ್ಯಾದಲ್ಲಿ ಚಿನ್ನದ ರೆಕ್ಕೆಯ ಸೂರಕ್ಕಿಯನ್ನು ಗಮನಿಸಿ 1975ರಲ್ಲಿ ಪ್ರಕಟಿಸಿದ ಅಧ್ಯಯನ ಬಹಳ ಹೆಸರಾದದ್ದು. ತುಂಬೆಯ ಬಳಗಕ್ಕೆ ಸೇರಿದ ಒಂದು ಗಿಡದ ಹೂಗಳನ್ನು ಆ ಹಕ್ಕಿ ಕಾಯುತ್ತಿತ್ತು. ಒಂದೊಂದು ಹಕ್ಕಿಯ ಜಾಗದ ಅಳತೆ ಬೇರೆ ಬೇರೆ, ಆದರೆ ಒಳಗಿನ ಹೂಗಳ ಸಂಖ್ಯೆ ಸುಮಾರು 1,600ರ ಆಸುಪಾಸು. ಒಂದು ಹಕ್ಕಿಯ ದಿನದ ಖರ್ಚಿಗೆ ಬೇಕಾದಷ್ಟು. ಕಾಯುವುದಕ್ಕೆ ಪಡುವ ಶ್ರಮಕ್ಕಿಂತ ಉಳಿತಾಯ ಹೆಚ್ಚಿದ್ದರೆ ಮಾತ್ರ ಕಾವಲು. ಮಕರಂದ ಎಲ್ಲೆಡೆ ಹೇರಳವಾಗಿದ್ದರೂ ಜಗಳವಿಲ್ಲ, ತೀರ ಕಮ್ಮಿಯಾದರೂ ಜಗಳವಿಲ್ಲ. ಅಂದರೆ ಹಕ್ಕಿಯ ಗಡಿ ಎಂಬುದು ಸೀಸನ್‌ಗೆ ಸೀಸನ್‌ಗೆ ಬದಲಾಗುವ ಗಡಿ. ಕಲ್ಲು ನೆಟ್ಟು ಮಾಡಿದ್ದಲ್ಲ.

ಕಲ್ಲು ನೆಡುವ ಕೆಲಸ ಮಾಡಿದ್ದು ಮನುಷ್ಯರು. ಆ ಕತೆ ಹೇಳಲೆಂದೇ ಈ ಬರಹ.

ಹಳದಿ ಹೊಟ್ಟೆಯ ಸೂರಕ್ಕಿಗೆ ವಿಜ್ಞಾನದ ಹೆಸರು ಬಿದ್ದದ್ದು 1766ರಲ್ಲಿ. ಇಟ್ಟವರು ಸ್ವೀಡನ್ನಿನ ಲಿನೇಯಸ್. ಹೆಸರು ಝೈಲೋನಿಕ, ಅಂದರೆ ಸಿಲೋನಿನದು. ಅವರು ಈ ಕಡೆ ಕಾಲಿಟ್ಟವರಲ್ಲ. ಮರದ ತೊಗಟೆ ಮೇಲೆ ಹರಿದಾಡುವ ಯುರೋಪಿನ ಹಕ್ಕಿಗಳ ಜೊತೆ ನಮ್ಮ ಸೂರಕ್ಕಿಯನ್ನೂ ಒಂದೇ ಗೂಡಿನಲ್ಲಿ ತುಂಬಿದರು. ಆದರೆ ಹಮ್ಮಿಂಗ್ ಬರ್ಡ್‌ಗಳನ್ನು ಮಾತ್ರ ಬೇರೆಯಾಗಿಯೇ ಇಟ್ಟರು ಅನ್ನುವುದು ಗಮನಿಸಬೇಕಾದ್ದು. ಅದೇ ವರ್ಷ ಉದ್ದ ಕೊಕ್ಕಿನ ಸೂರಕ್ಕಿಗೆ ಲೋಟೆನ್ ಹೆಸರಿಟ್ಟರು. ಯೋಆನ್ ಗಿಡಿಯೋನ್ ಲೋಟೆನ್ 1752ರಿಂದ 1757ರವರೆಗೆ ಸಿಲೋನಿನ ಡಚ್ ಗವರ್ನರ್ ಆಗಿದ್ದವರು. ಸಿಲೋನಿನಲ್ಲೇ ಹುಟ್ಟಿದ ಡಿ ಬೆವೆರೆ ಎಂಬ ಕಲಾವಿದನಿಂದ ಹಕ್ಕಿಗಳ ಚಿತ್ರ ಬರೆಸಿದ್ದರು. ಹಕ್ಕಿಗೆ ಗವರ್ನರ್ ಹೆಸರು ಬಂತು, ಚಿತ್ರ ಬರೆದವನದ್ದು ಬರಲಿಲ್ಲ. ಇರಲಿ. ಕರಿ ಸೂರಕ್ಕಿಗೆ 1790ರಲ್ಲಿ ಇಂಗ್ಲೆಂಡಿನ ವೈದ್ಯ ಜಾನ್ ಲೇಥಮ್ ಏಷ್ಯಾದ್ದು ಎಂಬ ಅರ್ಥದ ಹೆಸರು ಕೊಟ್ಟರು. ಇವರೂ ಭಾರತ ನೋಡಿದವರಲ್ಲ.

ಆಮೇಲೆ ಬಂದವರು ಇಲ್ಲೇ ನೌಕರಿ ಮಾಡಿದವರು. ಕರ್ನಲ್ ಸೈಕ್ಸ್ ದಖನ್ನಿನ ಅಂಕಿಅಂಶ ಬರೆಯಲು ನೇಮಕವಾದ ಸೈನಿಕ. 1832ರಲ್ಲಿ ಘಟ್ಟದ ಕೆಂಪು ಬೆನ್ನಿನ ಪುಟ್ಟ ಸೂರಕ್ಕಿಗೂ ವಿಗರ್ಸ್ ಸೂರಕ್ಕಿಗೂ ಹೆಸರಿಟ್ಟರು. 1862ರಿಂದ 64ರ ನಡುವೆ ಭಾರತದ ಹಕ್ಕಿಗಳ ಬಗ್ಗೆ ದೊಡ್ಡ ಗ್ರಂಥ ಬರೆದ ಜೆರ್ಡನ್ ಮದ್ರಾಸ್ ಸೈನ್ಯದ ಡಾಕ್ಟರ್. ಕರಿ ಸೂರಕ್ಕಿಯನ್ನು ಅವರು ಸೇರಿಸಿದ ಕುಲದ ಹೆಸರಿಗೆ ಜೇಡನ ಶತ್ರು ಎಂದು ಅರ್ಥ. ಸೂರಕ್ಕಿ ಮರಿಗಳಿಗೆ ಜೇಡ ಹಿಡಿದು ತಿನ್ನಿಸುತ್ತದೆ. ಅದೇ ಜೇಡನ ಬಲೆಯ ನೂಲಿನಿಂದ ಗೂಡು ಹೆಣೆದು ತೂಗುಹಾಕುತ್ತದೆ. ಹಾಗಾಗಿ ಆ ಹೆಸರು ಸರಿಯಾದದ್ದೇ. 1870ರಲ್ಲಿ ಪೂರ್ವದ ಕಡೆಯ ಕರಿ ಸೂರಕ್ಕಿಗಳಿಗೆ ನಡುವಿನದು ಎಂಬ ಅರ್ಥದ ಇಂಟರ್‌ಮೀಡಿಯಸ್ ಹೆಸರಿಟ್ಟವರು ಎ. ಓ. ಹ್ಯೂಮ್. ಹೌದು, 1885ರಲ್ಲಿ ಕಾಂಗ್ರೆಸ್ ಹುಟ್ಟುಹಾಕಿದರಲ್ಲ, ಅವರೇ! 1873ರಲ್ಲಿ ಬಲೂಚಿಸ್ತಾನ, ಇರಾನ್ ಕಡೆಯದಕ್ಕೆ ಗಿಡ್ಡ ಕೊಕ್ಕಿನದು ಎಂದು ಹೆಸರಿಟ್ಟವರು ಬ್ಲಾನ್‌ಫರ್ಡ್. ಈ ಭೂವಿಜ್ಞಾನಿ ಆ ಕಡೆ ಹೋಗಿದ್ದು ಪರ್ಷಿಯಾದ ಗಡಿ ಗುರುತಿಸುವ ಆಯೋಗದ ಜೊತೆಗೆ. ದೇಶದ ಗಡಿ ಎಳೆಯುವವರ ಜೊತೆ ಹೋದವರು ಹಕ್ಕಿಯ ಗಡಿಯನ್ನೂ ಎಳೆದು ಬಂದರು.

ಮೊದಲು ಇವನ್ನೆಲ್ಲ ಬೇರೆ ಬೇರೆ ಜಾತಿ ಎಂದೇ ಬರೆಯುತ್ತಿದ್ದರು. ನಂತರ ಒಂದೇ ಜಾತಿಯ ಪ್ರಾದೇಶಿಕ ಬಗೆಗಳು ಅನ್ನುವ ತಿಳಿವಳಿಕೆ ಬಂದು ಮೂರು ಪದದ ಹೆಸರು ಶುರುವಾಯಿತು. ಭಾರತದ ಹಕ್ಕಿಗಳಿಗೆ ಇದನ್ನು ಒಟ್ಟಾರೆ ಜಾರಿಗೆ ತಂದದ್ದು ಸ್ಟುವರ್ಟ್ ಬೇಕರ್ 1922ರಿಂದ 1930ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಗ್ರಂಥ. ಇವರು ಅಸ್ಸಾಮಿನಲ್ಲಿ ಪೊಲೀಸ್ ಅಧಿಕಾರಿಯಾಗಿದ್ದವರು.

ಮೂರು ಪದದ ಹೆಸರಿನ ನಿಯಮ ಸ್ವಲ್ಪ ವಿವರಿಸುತ್ತೇನೆ, ಮುಂದಿನ ಮಾತಿಗೆ ಬೇಕು. ಮೊದಲ ಪದ ಕುಲ, ಎರಡನೆಯದು ಜಾತಿ, ಮೂರನೆಯದು ಊರ ಬಗೆ. ಯಾವ ಬಗೆಗೆ ಮೊದಲು ಹೆಸರು ಬಿದ್ದಿತ್ತೋ ಅದಕ್ಕೆ ಎರಡನೆಯ ಪದವೇ ಮತ್ತೊಮ್ಮೆ ಬರುತ್ತದೆ. ಹಳದಿ ಹೊಟ್ಟೆಯದರಲ್ಲಿ ಮೊದಲು ಹೆಸರು ಬಿದ್ದದ್ದು ಲಂಕೆಯದಕ್ಕೆ, ಹಾಗಾಗಿ ಅದು ಝೈಲೋನಿಕ ಝೈಲೋನಿಕ. ನಮ್ಮದಕ್ಕೆ ಹಳದಿ ಹೊಟ್ಟೆ ಎಂಬ ಅರ್ಥದ ಫ್ಲಾವಿವೆಂಟ್ರಿಸ್. ಸ್ಟ್ರಾಸ್‌ಬರ್ಗಿನ ಪ್ರೊಫೆಸರ್ ಹರ್ಮನ್ ಬರೆದಿಟ್ಟ ಈ ಹೆಸರು ಅವರು ತೀರಿಕೊಂಡ ಮೇಲೆ 1804ರಲ್ಲಿ ಅಚ್ಚಾಯಿತು. ಲಂಕೆಯದೇ ಮೂಲ, ನಮ್ಮದು ಅದರಿಂದ ಕವಲೊಡೆದದ್ದು ಅಂತ ಓದುವವರಿಗೆ ಅನ್ನಿಸುತ್ತದೆ. ಹಾಗಲ್ಲ! ಲಂಕೆಯ ಹಕ್ಕಿ ಹೆಚ್ಚು ಶುದ್ಧ ಎಂದೂ ಅಲ್ಲ, ಹೆಚ್ಚು ಹಳೆಯದು ಎಂದೂ ಅಲ್ಲ. ಯುರೋಪಿನ ಪುಸ್ತಕಕ್ಕೆ ಅದು ಮೊದಲು ಸೇರಿತು, ಅಷ್ಟೆ.

ಇದು ತಿಳಿದ ದಿನ ನನಗೆ ನಮ್ಮ ಭಾಷೆ ನೆನಪಾಯಿತು. ನಾನು ಸೇಡಂ ತಾಲೂಕಿನವನು. ಹೊರಗೆ ಹೋಗಿ ಬಾಯಿ ಬಿಟ್ಟರೆ ಸಾಕು, "ನಿಮ್ಮದು ಉರ್ದು ಮಿಶ್ರ ಕನ್ನಡ", "ನಿಮ್ಮದು ಕನ್ನಡವೇ ಅಲ್ಲ ಬಿಡಿ" ಎಂದು ಕೇಳಿಸಿಕೊಂಡು ಬೆಳೆದ ತಲೆಮಾರು ನಮ್ಮದು. ಹೈದರಾಬಾದಿಗೆ ಬಂದ ಮೇಲೆ ಇಲ್ಲಿನ ಕನ್ನಡಿಗರ ನಡುವೆ ಕೂಡ ಧಾರವಾಡದವರ, ಮೈಸೂರಿನವರ ಎದುರು ನಮ್ಮವರು ಮೆತ್ತಗೆ ತೆಲುಗಿಗೆ ಜಾರಿಬಿಡುತ್ತಿದ್ದರು. ಮನೆಯಲ್ಲಿ ಮಕ್ಕಳ ಜೊತೆ ಕೂಡ. ತಮ್ಮ ಮಾತು ಸರಿಯಿಲ್ಲ ಎಂಬ ನಾಚಿಕೆಯಿಂದ ಒಂದು ಭಾಷೆ ಮನೆಯಿಂದ ಹೊರಟುಹೋಗುವುದನ್ನು ನಾನು ನಾಲ್ಕಾರು ಮನೆಗಳಲ್ಲಿ ಕಣ್ಣಾರೆ ಕಂಡಿದ್ದೇನೆ.

ಈಗ ಹಕ್ಕಿಯ ನಿಯಮವನ್ನೇ ಕನ್ನಡಕ್ಕೆ ಹಚ್ಚಿ ನೋಡೋಣ. ನಮಗೆ ಸಿಕ್ಕಿರುವ ಮೊದಲ ಕನ್ನಡ ಗ್ರಂಥ ಕವಿರಾಜಮಾರ್ಗ. ಒಂಬತ್ತನೆಯ ಶತಮಾನದ್ದು. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿ ಹುಟ್ಟಿದ್ದು. ಅವನ ರಾಜಧಾನಿ ಮಾನ್ಯಖೇಟ, ಅಂದರೆ ಕಾಗಿಣಾ ದಂಡೆಯ ನಮ್ಮ ಮಳಖೇಡ, ನಮ್ಮದೇ ಸೇಡಂ ತಾಲೂಕು! ತಿರುಳುಗನ್ನಡದ ನಾಡೆಂದು ಅದು ಗುರುತಿಸುವ ಊರುಗಳು ಕಿಸುವೊಳಲು, ಕೊಪಣ, ಪುಲಿಗೆರೆ, ಒಕ್ಕುಂದ. ಇದರಲ್ಲಿ ಕೊಪಣ ಎಂದರೆ ಕೊಪ್ಪಳ, ಅದೂ ಮುಂದೆ ನಿಜಾಮನ ರಾಜ್ಯದಲ್ಲೇ ಇದ್ದ ಊರು. ಮೊದಲು ಪುಸ್ತಕಕ್ಕೆ ಬಿದ್ದದ್ದೇ ಮೂಲ ಎಂದಾದರೆ ನಮ್ಮ ಕಡೆಯದೇ "ಕನ್ನಡ ಕನ್ನಡ" ಆಗಬೇಕಿತ್ತು. ಉಳಿದವರದಕ್ಕೆ ಮೂರನೆಯ ಪದ ಹುಡುಕಬೇಕಿತ್ತು! ಹಾಗೆ ಬೀಗಲು ಇದನ್ನು ಹೇಳುತ್ತಿಲ್ಲ. ಇಂದಿನ ಶಿಷ್ಟ ಕನ್ನಡ ಶಿಷ್ಟವಾದದ್ದು ಶಾಲೆ, ಅಚ್ಚುಮನೆ, ಕಚೇರಿಗಳ ಬಲದಿಂದ. ಅದರಲ್ಲಿ ತಪ್ಪೇನಿಲ್ಲ, ನಾನೂ ಅದರಲ್ಲೇ ಬರೆಯುತ್ತಿದ್ದೇನೆ. ಆದರೆ ಅದು ಮೂಲ, ಇದು ಕಲಬೆರಕೆ ಅನ್ನುವುದಕ್ಕೆ ಆಧಾರವಿಲ್ಲ.

ಹಕ್ಕಿಗೂ ನಮಗೂ ಇನ್ನೊಂದು ನಂಟಿದೆ. ಸಲೀಂ ಅಲಿ 1931ರಲ್ಲಿ ಕೊಂಕಣದ ಬಂದಳಿಕೆ ಗಿಡವನ್ನು ಸೂರಕ್ಕಿಗಳೂ ಬದನಿಕೆ ಹಕ್ಕಿಗಳೂ ಹೇಗೆ ಹರಡುತ್ತವೆ ಎಂದು ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬರೆದರು. ಮರುವರ್ಷ ಹೂವಿನ ಹಕ್ಕಿಗಳು, ಹಕ್ಕಿಯ ಹೂವುಗಳು ಎಂಬ ವಿಷಯದ ಮೇಲೆ ದೊಡ್ಡ ಲೇಖನ. ಬಂದಳಿಕೆಯ ಮೊಗ್ಗಿಗೆ ಸೂರಕ್ಕಿ ಕೊಕ್ಕು ತಾಗಿಸಿದರೆ ಅದು ಬಿರಿದು ಪರಾಗ ಹಾರುತ್ತದೆ. ಹಣ್ಣಾದ ಮೇಲೆ ಬೀಜವನ್ನು ಇನ್ನೊಂದು ಮರಕ್ಕೆ ಅಂಟಿಸುವುದು ಬದನಿಕೆ ಹಕ್ಕಿಯ ಕೆಲಸ. ಅದೇ 1931–32ರಲ್ಲಿ ಅವರು ಕೈಗೆತ್ತಿಕೊಂಡದ್ದು ಹೈದರಾಬಾದ್ ಸಂಸ್ಥಾನದ ಹಕ್ಕಿಗಳ ಸಮೀಕ್ಷೆ. ಸಂಬಳ ಬೇಡ, ಕ್ಯಾಂಪಿನ ಖರ್ಚು ಕೊಟ್ಟರೆ ಸಾಕು ಅಂತ ಅವರು ಮುಂದೆ ಬಂದಿದ್ದರು, ನಿಜಾಮ ಸರ್ಕಾರ ಒಪ್ಪಿತು. ಹೆಂಡತಿ ತೆಹ್‌ಮಿನಾ ಜೊತೆಗಿದ್ದರು. ಫಲಿತಾಂಶ 1933–34ರಲ್ಲಿ ಕಂತುಕಂತಾಗಿ ಪ್ರಕಟವಾಯಿತು. ಸಂಗ್ರಹಿಸಿದ ಹಕ್ಕಿಗಳನ್ನು ಅಳೆದು ಯಾವುದು ಯಾವ ಬಗೆ ಎಂದು ಟಿಪ್ಪಣಿ ಬರೆದವರು ಪಂಜಾಬಿನ ಪೊಲೀಸ್ ಕೆಲಸದಿಂದ ನಿವೃತ್ತರಾಗಿ ಇಂಗ್ಲೆಂಡಿನಲ್ಲಿದ್ದ ಹ್ಯೂ ವಿಸ್ಲರ್. ಭಾರತದ ಲೋಟೆನ್ ಸೂರಕ್ಕಿಗೆ ಹಿಂದುಸ್ತಾನಿಕಸ್ ಎಂಬ ಮೂರನೆಯ ಪದ ಕೊಟ್ಟದ್ದೂ ಇವರೇ, ಅದು ಬೆಳಕು ಕಂಡದ್ದು 1944ರಲ್ಲಿ, ಅವರು ತೀರಿಕೊಂಡ ಮೇಲೆ.

ಈ ಸಂಸ್ಥಾನ ಸುಮಾರು 82,000 ಚದರ ಮೈಲಿ, 16 ಜಿಲ್ಲೆ. ಬೀದರ್, ಗುಲ್ಬರ್ಗಾ, ರಾಯಚೂರು ಅದರೊಳಗಿದ್ದವು. ಅದೇ ಸಲೀಂ ಅಲಿ ಮುಂದೆ ಮೈಸೂರು ಸಂಸ್ಥಾನದ ಹಕ್ಕಿಗಳ ಬಗ್ಗೆ ಬರೆದು 1942–43ರಲ್ಲಿ ಪ್ರಕಟಿಸಿದರು. ಕರ್ನಾಟಕದ ಹಕ್ಕಿಗಳ ಇತಿಹಾಸ ಎಂದರೆ ಎಲ್ಲರೂ ಮೊದಲು ತೆರೆಯುವುದು ಆ ಮೈಸೂರಿನ ಪಟ್ಟಿಯನ್ನೇ. ನಮ್ಮ ಮೂರು ಜಿಲ್ಲೆ ಅದರಲ್ಲಿಲ್ಲ. ನಮ್ಮ ಊರು ಇರುವುದು ಹೈದರಾಬಾದಿನ ಪಟ್ಟಿಯ ಚೌಕಟ್ಟಿನಲ್ಲಿ. 1956ರಲ್ಲಿ ಸಂಸ್ಥಾನ ಮೂರು ಪಾಲಾಯಿತು. ಮರಾಠಿ ಜಿಲ್ಲೆಗಳು ಮುಂಬಯಿಗೆ, ತೆಲುಗು ಜಿಲ್ಲೆಗಳು ಆಂಧ್ರಕ್ಕೆ, ನಾವು ಮೈಸೂರಿಗೆ. ಆಮೇಲೆ ನಮ್ಮನ್ನು ಹೈದರಾಬಾದ್ ಕರ್ನಾಟಕ ಅಂದರು, 2019ರಿಂದ ಕಲ್ಯಾಣ ಕರ್ನಾಟಕ. ಈ ಕಡೆ 2014ರಲ್ಲಿ ತೆಲಂಗಾಣ ಬಂತು. ಇಷ್ಟೆಲ್ಲ ಆದರೂ ಸೇಡಮ್ಮಿನ ನುಗ್ಗೆ ಮರದ ಸೂರಕ್ಕಿಗೂ ಬಾಲಾನಗರದ ಸೂರಕ್ಕಿಗೂ ಮೂರನೆಯ ಪದ ಒಂದೇ. ಕರಿಯದಾದರೆ ಏಷಿಯಾಟಿಕಸ್, ಹಳದಿಯದಾದರೆ ಫ್ಲಾವಿವೆಂಟ್ರಿಸ್. ತಾಂಡೂರು ದಾಟಿದರೆ ರಾಜ್ಯ ಬದಲಾಗುತ್ತದೆ, ಹಕ್ಕಿ ಬದಲಾಗುವುದಿಲ್ಲ.

ಗಡಿಗಳು ಶಾಶ್ವತ ಅಂತಲೂ ತಿಳಿಯಬೇಡಿ. ಸೈಕ್ಸ್ ಹೆಸರಿಟ್ಟ ವಿಗರ್ಸ್ ಸೂರಕ್ಕಿಯನ್ನು ಬಹಳ ಕಾಲ ಹಿಮಾಲಯದ ಕಡೆಯ ಕೆಂಪು ಸೂರಕ್ಕಿಯ ಒಂದು ಬಗೆ ಎಂದು ಸೇರಿಸಿಬಿಟ್ಟಿದ್ದರು. ಈಗ ಮತ್ತೆ ಪ್ರತ್ಯೇಕ ಜಾತಿ ಎಂಬ ಪಟ್ಟ ಸಿಕ್ಕಿದೆ. ಹಕ್ಕಿ ಮಾತ್ರ ತನ್ನ ಪಾಡಿಗೆ ಘಟ್ಟದಲ್ಲಿ ಹೂವು ಹುಡುಕುತ್ತಿತ್ತು.

ಕೊನೆಗೆ ಒಂದು ಗಿಡದ ವಿಷಯ. ಹೈದರಾಬಾದಿನ ಪಾರ್ಕುಗಳಲ್ಲಿ, ರಸ್ತೆ ನಡುವಿನ ಪಟ್ಟಿಗಳಲ್ಲಿ ಕಿತ್ತಳೆ ಬಣ್ಣದ ಕೊಳವೆ ಹೂವಿನ ಹಮೇಲಿಯಾ ನೆಟ್ಟಿರುತ್ತಾರೆ. ಅದರ ತವರು ಉಷ್ಣವಲಯದ ಅಮೆರಿಕ. ಅಲ್ಲಿ ಅಂಥ ಹೂಗಳನ್ನು ಕಾದು ಜಗಳವಾಡುವುದು ಕಂದು ಬಾಲದ ಹಮ್ಮಿಂಗ್ ಬರ್ಡ್. ಅದಕ್ಕೂ ಊರಿಗೊಂದು ಬಗೆ ಇವೆ. ಅದಕ್ಕೆ 1833ರಲ್ಲಿ ಹೆಸರಿಟ್ಟವರು ಮೆಕ್ಸಿಕೋದವರೇ ಆದ ಪಾದ್ರಿ ಪಾಬ್ಲೊ ದೆ ಲಾ ಯಾವೆ. ಹುಡುಕಿ ಕೊಟ್ಟದ್ದು ಆಸ್ಟೆಕ್ ಮೂಲದ ಹೆಸರು, ತ್ಸಾಕಾಟ್ಲ್. ನಮ್ಮ ಸೂರಕ್ಕಿಗಳಿಗೆ ಆ ಭಾಗ್ಯ ಬರಲಿಲ್ಲ, ಲ್ಯಾಟಿನ್ ಪಟ್ಟಿಯಲ್ಲಿ ಒಂದಕ್ಕಾದರೂ ಕನ್ನಡದ ಪದವಿಲ್ಲ. ಆದರೆ ಆ ಅಮೆರಿಕದ ಹೂವಿಗೆ ಇಲ್ಲಿ ಗಿರಾಕಿ ನಮ್ಮ ಸೂರಕ್ಕಿಯೇ. ವಲಸೆ ಬಂದ ಗಿಡ ತನ್ನ ಹಳೆಯ ನೆಂಟನನ್ನು ಕಾಯುತ್ತ ಕೂರಲಿಲ್ಲ, ಇದೂ ಹೂವು ಪರದೇಶದ್ದು ಅಂತ ಬಿಡಲಿಲ್ಲ.

ಲ್ಯಾಟಿನ್ ಪಟ್ಟಿ ತಿದ್ದುವುದು ನಮ್ಮ ಕೈಯಲ್ಲಿಲ್ಲ. ಮನೆಯ ಮಾತು ಮಾತ್ರ ನಮ್ಮ ಕೈಯಲ್ಲೇ ಇದೆ. ನನ್ನ ಮೊಮ್ಮಗಳು ಈಗ ತೇನೆಪಿಟ್ಟ ಅನ್ನುತ್ತಾಳೆ, ಸೂರಕ್ಕಿ ಅಂತಲೂ ಅನ್ನುತ್ತಾಳೆ. "ತಾತಾ, ಸೂರಕ್ಕಿ ಬಂದದ ನೋಡು" ಎಂದು ಅವಳು ಕೂಗುವಾಗ ಆ "ಬಂದದ" ಅನ್ನುವುದನ್ನು ನಾನು ತಿದ್ದಲು ಹೋಗುವುದಿಲ್ಲ. ನಿಮ್ಮ ಕಡೆ ಈ ಹಕ್ಕಿಗೆ ಏನನ್ನುತ್ತೀರಿ? ಅಜ್ಜಿಯೋ ಅವ್ವನೋ ಹೇಳುತ್ತಿದ್ದ ಹೆಸರು ನೆನಪಿದ್ದರೆ, ಅದು ಯಾವ ಪುಸ್ತಕದಲ್ಲಿ ಇರದಿದ್ದರೂ ಪರವಾಗಿಲ್ಲ, ಇವತ್ತೇ ಒಮ್ಮೆ ನಿಮ್ಮ ಮಕ್ಕಳೆದುರು ಹೇಳಿ.